ಸ್ವಿಚ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಾಯಿಸಬಹುದಾ?

ನಾಲೆಏರಿ | ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಕ್ರೆಟಾ, 1.5 ಡೀಸೆಲ್ ಆಟೋಮ್ಯಾಟಿಕ್, ಎಸ್‌ಎಕ್ಸ್ ಆಪ್ಷನಲ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದೆ. ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಇಲ್ಲ, ಗೇರ್ ಪಕ್ಕದಲ್ಲಿ ಒಂದು ಸ್ವಿಚ್ ಅಷ್ಟೆ. ಓಡಿರುವುದು 61,000 ಕಿ.ಮೀ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ವಾರದಲ್ಲಿ ಮೂರು ದಿನ ರೈಲು, ಎರಡು ದಿನ ಕಾರು. ತಿಂಗಳಿಗೆ ಎರಡು ಮೂರು ಸಲ ಪಾಂಡವಪುರದ ಕಡೆ ಇರುವ ನಮ್ಮ ಊರಿಗೆ ಹೋಗುತ್ತೇನೆ. ಕೊನೆಯ ನಾಲ್ಕು ಕಿ.ಮೀ. ನಾಲೆ ಏರಿ ಮೇಲೆ. ಮಳೆಗಾಲದಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದಿನಗಳಲ್ಲಿ, ಅದು ಪೂರ್ತಿ ಕೆಸರು.

ಹದಿನೈದು ದಿನದಿಂದ ಹಿಂದಿನ ಎಡ ಚಕ್ರದಲ್ಲಿ ಕೀಚ್ ಅಂತ ಸದ್ದು ಬರುತ್ತಿದೆ. ಜೋರಾಗಿ ಬ್ರೇಕ್ ಹಾಕಿದರೆ ಇಲ್ಲ. ಹಂಪ್ ಹತ್ತಿರ ಮೆಲ್ಲಗೆ ಒತ್ತಿದಾಗ ಮಾತ್ರ ಬರುತ್ತದೆ. ಅಲಾಯ್ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಹೊರಗಡೆಯ ಪ್ಯಾಡ್ ಇನ್ನೂ ನಾಲ್ಕು ಮಿ.ಮೀ. ಇರುವ ಹಾಗೆ ಕಾಣುತ್ತದೆ. ಒಳಗಡೆಯದು ಕಾಣುವುದಿಲ್ಲ.

ಮುಂದಿನ ಪ್ಯಾಡ್‌ಗಳನ್ನು ನಾನೇ ಎರಡು ಸಲ ಹಾಕಿದ್ದೇನೆ. ಜಾಕಿ, ಎರಡು ಸ್ಟ್ಯಾಂಡು, ಟಾರ್ಕ್ ರೆಂಚ್, ಸಿ ಕ್ಲಾಂಪ್ ಎಲ್ಲ ಇವೆ. ಆದರೂ ಹಿಂದಿನದಕ್ಕೆ ಕೈ ಹಾಕಲು ಭಯ. ಕಾರಣ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಭಾವ ತಮ್ಮ ಕಾರನ್ನು ಒಂದು ಗ್ಯಾರೇಜಿಗೆ ಇದೇ ಕೆಲಸಕ್ಕೆ ಬಿಟ್ಟಿದ್ದರು. ಅದಕ್ಕೂ ಸ್ವಿಚ್ ಹ್ಯಾಂಡ್‌ಬ್ರೇಕ್. ಹುಡುಗ ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ಹೋಗುತ್ತಿಲ್ಲ ಅಂತ ಕ್ಲಾಂಪ್‌ಗೆ ಪೈಪ್ ಸಿಕ್ಕಿಸಿ ಬಿಗಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಕಟಕ್ ಅಂತ ಒಂದು ಸದ್ದು ಬಂತು. ಆಮೇಲೆ ಆ ಕಡೆಯ ಹ್ಯಾಂಡ್‌ಬ್ರೇಕ್ ಹಿಡಿಯಲೇ ಇಲ್ಲ. ಮೋಟರ್ ಸಮೇತ, ಪಿಸ್ಟನ್ ಕೂರುವ ಇಡೀ ಕ್ಯಾಲಿಪರ್ ಬದಲಾಯಿಸಬೇಕಾಯಿತು. ಪಾರ್ಟು ಬರುವ ತನಕ ಹದಿನೆಂಟು ದಿನ ಕಾರು ನಿಂತಿತ್ತು. ಅಕ್ಕನಿಗೆ ಆಗ ಏಳು ತಿಂಗಳು. ತಪಾಸಣೆಗೆಲ್ಲ ಆಟೋದಲ್ಲಿ ಓಡಾಡಿದಳು. ಅವತ್ತು ನಾನು ಬಾಯಿಬಿಟ್ಟು "ನಿಲ್ಲಿಸಪ್ಪ" ಅನ್ನಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ನನಗೆ ತಿಳಿಯಬೇಕಾದ್ದು ಇಷ್ಟು. ಆ ಪಿಸ್ಟನ್ ಯಾಕೆ ಹಾಗೆ ಹಟ ಹಿಡಿಯುತ್ತದೆ? ಅದನ್ನು ಸರಿಯಾಗಿ ಹಿಂದೆ ತಳ್ಳುವ ಕ್ರಮ ಯಾವುದು? ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಬೇಕೇ ಬೇಕಾ? ಮಾಡಿ ಅನುಭವ ಇರುವವರು ಹೇಳಿ.

ಹೂಟಗಳ್ಳಿಯವ | ಸೋಮವಾರ, ರಾತ್ರಿ 10:05

ನನ್ನದು ಜೀಪ್ ಕಂಪಾಸ್. ಅದರಲ್ಲಿ ಈ ಕೆಲಸಕ್ಕೆ ಸ್ಕ್ಯಾನರ್ ಬೇಕಾಗಲಿಲ್ಲ. ಡ್ಯಾಶ್‌ಬೋರ್ಡಿನ ಸ್ಕ್ರೀನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಬ್ರೇಕ್ ಸರ್ವಿಸ್ ಅಂತ ಒಂದು ಆಯ್ಕೆ ಇದೆ. ಗಾಡಿ ನಿಂತಿರಬೇಕು, ಕಾಲು ಬ್ರೇಕ್ ಮೇಲಿರಬೇಕು, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಒತ್ತಿದ ತಕ್ಷಣ ಹಿಂದಿನಿಂದ ಗುಂಯ್ ಅಂತ ಮೋಟರ್ ಸದ್ದು ಬರುತ್ತದೆ.

ಇದು ಎಲ್ಲ ಕಾರಿನಲ್ಲೂ ಇಲ್ಲ. ಬಹಳಷ್ಟು ಕಾರುಗಳಿಗೆ ಸ್ಕ್ಯಾನರ್‌ನಿಂದಲೇ ಹೇಳಬೇಕು. ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುವ ನೀಲಿ ಬಣ್ಣದ ಚಿಕ್ಕ ಓಬಿಡಿ ಅಡಾಪ್ಟರ್ (ಕಾರಿನ ಸಾಕೆಟ್‌ಗೆ ಚುಚ್ಚುವಂಥದ್ದು) ನಂಬಿಕೊಂಡು ಶುರು ಮಾಡಬೇಡಿ. ನಾನೂ ಒಂದು ತಂದಿದ್ದೇನೆ. ಇಂಜಿನ್ ಫಾಲ್ಟ್ ಓದುತ್ತದೆ, ಬ್ರೇಕಿನ ಮೋಟರ್‌ಗೆ ಅಪ್ಪಣೆ ಕೊಡಲು ಬರುವುದಿಲ್ಲ. ತಗೊಳ್ಳುವ ಮೊದಲು ಆ ಸ್ಕ್ಯಾನರ್‌ನಲ್ಲಿ ನಿಮ್ಮ ಮಾಡೆಲ್‌ನ ಇಪಿಬಿ (ಅಂದರೆ ಸ್ವಿಚ್ ಹ್ಯಾಂಡ್‌ಬ್ರೇಕ್) ಸರ್ವಿಸ್ ಇದೆಯಾ ಅಂತ ಕೇಳಿ.

ಗುತ್ತಲುರೋಡ್ | ಮಂಗಳವಾರ, ಬೆಳಗ್ಗೆ 6:15

ನಾನು ಮಂಡ್ಯದವಳು. ಅಪ್ಪನ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷದಿಂದ ಬ್ರೇಕ್ ಕೆಲಸ ನನ್ನದು. ಅಪ್ಪ ಅಂಬಾಸಿಡರ್ ಡ್ರಮ್ಮು, ಟ್ರ್ಯಾಕ್ಟರ್ ಬ್ರೇಕಿನಿಂದ ಶುರು ಮಾಡಿದವರು. ಈಗ ವಾರಕ್ಕೆ ಎರಡಾದರೂ ಸ್ವಿಚ್ ಹ್ಯಾಂಡ್‌ಬ್ರೇಕಿನ ಗಾಡಿ ಬರುತ್ತವೆ. ನಿಮ್ಮ ಭಾವನ ಕಾರಿನ ವಿಷಯ ಓದಿ ಹೊಟ್ಟೆ ಉರಿಯಿತು. ಆ ಹುಡುಗನಿಗೆ ಯಾರೂ ಒಳಗೆ ಏನಿದೆ ಅಂತ ತೋರಿಸಿಯೇ ಇರಲಿಲ್ಲ, ಅಷ್ಟು ನಿಜ. ಅದಕ್ಕೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಹಿಂದಿನ ಕ್ಯಾಲಿಪರ್ ಬೆನ್ನಿಗೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಚ್ಚಿಕೊಂಡಿರುತ್ತದೆ. ಅದೇ ಮೋಟರ್. ಡಬ್ಬಿಯೊಳಗೆ ಹಲ್ಲಿನ ಚಕ್ರಗಳಿವೆ. ಅವು ಒಂದು ಸ್ಕ್ರೂ ದಂಡವನ್ನು ತಿರುಗಿಸುತ್ತವೆ. ದಂಡದ ಮೇಲೊಂದು ನಟ್ಟು. ಆ ನಟ್ಟು ಪಿಸ್ಟನ್ ಹೊಟ್ಟೆಯೊಳಗೆ ಕೂತಿದೆ. ನೀವು ಸ್ವಿಚ್ ಎಳೆದಾಗ ದಂಡ ತಿರುಗುತ್ತದೆ, ನಟ್ಟು ಮುಂದೆ ಬರುತ್ತದೆ, ಪಿಸ್ಟನ್ನನ್ನು ಒಳಗಿನಿಂದ ದೂಡುತ್ತದೆ. ಪ್ಯಾಡು ಡಿಸ್ಕನ್ನು ಕಚ್ಚುತ್ತದೆ. ಸ್ವಿಚ್ ಒತ್ತಿದರೆ ನಟ್ಟು ಹಿಂದೆ ಸರಿಯುತ್ತದೆ, ಆದರೆ ಸ್ವಲ್ಪವೇ ಸ್ವಲ್ಪ. ಪ್ಯಾಡ್ ಸವೆದ ಹಾಗೆಲ್ಲ ಪಿಸ್ಟನ್ ಹೊರಗೆ ಬಂದಿರುತ್ತದೆ. ನಟ್ಟೂ ಅದರ ಬೆನ್ನ ಹಿಂದೆಯೇ ಬಂದು ನಿಂತಿರುತ್ತದೆ.

ನಿಮ್ಮ ಹತ್ತಿರ ವೈಸ್ ಇದೆಯಾ? ಅದರ ಹಿಡಿ ತಿರುಗಿಸಿದರೆ ದವಡೆ ಮುಂದೆ ಬರುತ್ತದೆ. ಈಗ ದವಡೆಯನ್ನು ಕೈಯಲ್ಲಿ ತಳ್ಳಿ ನೋಡಿ. ಹಿಡಿ ತಿರುಗುತ್ತದಾ? ಇಲ್ಲ. ಸುತ್ತಿಗೆಯಲ್ಲಿ ಹೊಡೆದರೂ ಇಲ್ಲ. ಸ್ಕ್ರೂವಿನ ಗುಣವೇ ಅದು. ಆ ಗುಣದಿಂದಲೇ ನಿಮ್ಮ ಕಾರು ಕರೆಂಟಿಲ್ಲದೆ ರಾತ್ರಿಯಿಡೀ ಇಳಿಜಾರಿನಲ್ಲಿ ನಿಲ್ಲುತ್ತದೆ. ಅದೇ ಗುಣದಿಂದ ಪಿಸ್ಟನ್ ಕ್ಲಾಂಪ್‌ಗೂ ಬಗ್ಗುವುದಿಲ್ಲ. ಪೈಪ್ ಸಿಕ್ಕಿಸಿ ಬಿಗಿದರೆ ಮುರಿಯುವುದು ಸ್ಕ್ರೂವಿನ ಮರೆ (ಥ್ರೆಡ್) ಆದರೂ ಸರಿ, ಹಲ್ಲಾದರೂ ಸರಿ. ನೀವು ಕೇಳಿದ ಕಟಕ್ ಸದ್ದು ಅದೇ.

ಇನ್ನೊಂದು ತಪ್ಪೂ ನಡೆಯುತ್ತದೆ. ಹಳೆಯ ಕೇಬಲ್ ಹ್ಯಾಂಡ್‌ಬ್ರೇಕಿನ ಹಿಂದಿನ ಡಿಸ್ಕ್ ಗಾಡಿಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಆ ಅಭ್ಯಾಸ ಇರುವವರು ಇದನ್ನೂ ತಿರುಗಿಸುತ್ತಾರೆ. ಮೋಟರ್ ಇರುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ನೇರ ಒಳಗೆ ಹೋಗುತ್ತದೆ. ತಿರುಗಿಸಿದರೆ ಸುತ್ತಲಿನ ರಬ್ಬರ್ ಹರಿಯುತ್ತದೆ ಅಷ್ಟೆ.

ಹಾಗಾಗಿ ಸರ್ವಿಸ್ ಮೋಡ್ ಅಂದರೆ ದೊಡ್ಡ ಮಂತ್ರವಲ್ಲ. ನಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿಕೋ ಅಂತ ಮೋಟರ್‌ಗೆ ಹೇಳುವುದು. ನಟ್ಟು ಹಿಂದೆ ಹೋದ ಮೇಲೆ ಪಿಸ್ಟನ್ ಹಿಂದೆ ಬರೀ ಬ್ರೇಕ್ ಆಯಿಲ್ ಇರುತ್ತದೆ. ಸಿ ಕ್ಲಾಂಪ್‌ನಲ್ಲಿ ಎರಡು ಬೆರಳಿನ ಬಲಕ್ಕೆ ಒಳಗೆ ಹೋಗುತ್ತದೆ. ಹೋಗಲಿಲ್ಲ ಅಂದರೆ ನಿಲ್ಲಿಸಿಬಿಡಿ. ನಟ್ಟು ಹಿಂದೆ ಬಂದಿಲ್ಲ ಅಂತ ಅರ್ಥ.

ನಿಮ್ಮ ಕ್ರೆಟಾಗೆ ಸ್ಕ್ಯಾನರ್ ಇಟ್ಟುಕೊಂಡೇ ಮಾಡಿ. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಪ್ಯಾಡ್ ಬದಲಾವಣೆಯ ಆಯ್ಕೆ ಒತ್ತಿ. ಎರಡೂ ಕಡೆಯಿಂದ ಸದ್ದು ಬಂದು ನಿಲ್ಲಬೇಕು. ಒಂದೇ ಕಡೆ ಬಂದರೆ ಮುಂದೆ ಹೋಗಬೇಡಿ. ಇದಕ್ಕೆ ಮೊದಲು ಬ್ಯಾಟರಿ ನೋಡಿಕೊಳ್ಳಿ. ಅರ್ಧ ಗಂಟೆ ಇಗ್ನಿಷನ್ ಆನ್ ಇಟ್ಟು ಕೂತರೆ ಬ್ಯಾಟರಿ ಇಳಿಯುತ್ತದೆ, ವೋಲ್ಟೇಜ್ ಕಡಿಮೆಯಾದರೆ ಮೋಟರ್ ನಡುವೆಯೇ ನಿಲ್ಲುತ್ತದೆ. ಚಾರ್ಜರ್ ಇದ್ದರೆ ಹಾಕಿಡಿ.

ಈಗ ಗಮನ ಕೊಡಿ. ಸರ್ವಿಸ್ ಮೋಡ್‌ಗೆ ಹೋದ ಕ್ಷಣದಿಂದ ನಿಮ್ಮ ಕಾರಿಗೆ ಹ್ಯಾಂಡ್‌ಬ್ರೇಕೇ ಇಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಗೇರ್ ಪಿ ನಲ್ಲಿರಲಿ. ಕ್ರೆಟಾದಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರ, ಹಾಗಾಗಿ ಪಿ ಅದನ್ನು ಹಿಡಿಯುತ್ತದೆ. ಮಟ್ಟಸವಾದ ನೆಲ ಬೇಕು. ಬರೀ ಜಾಕಿ ಮೇಲೆ ಕೈ ಒಳಗೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಕಾರು ನಿಂತಾಗ ತಾನಾಗಿಯೇ ಬ್ರೇಕ್ ಹಿಡಿದಿಡುವ ಆಟೋ ಹೋಲ್ಡ್ ಆಫ್ ಮಾಡಿ. ಕೀ ಮನೆಯೊಳಗೆ ಇಟ್ಟು ಬನ್ನಿ. ಕೆಲವು ಗಾಡಿಗಳು ತಾವಾಗಿಯೇ ಹ್ಯಾಂಡ್‌ಬ್ರೇಕ್ ಹಾಕಿಕೊಳ್ಳುತ್ತವೆ. ಪ್ಯಾಡ್ ಇಲ್ಲದ ಕ್ಯಾಲಿಪರ್‌ನಲ್ಲಿ ಬೆರಳಿದ್ದಾಗ ಮಗು ಬಂದು ಸ್ವಿಚ್ ಎಳೆದರೆ ಏನಾಗುತ್ತದೆ ಯೋಚಿಸಿ. ಈ ಒಂದು ವಿಷಯದಲ್ಲಿ ನಮ್ಮಪ್ಪ ಯಾರ ಮುಲಾಜೂ ನೋಡುವುದಿಲ್ಲ. ಕಾರಿನ ಯಜಮಾನರೇ ಸೀಟಿನಲ್ಲಿ ಕೂತಿದ್ದರೂ ಇಳಿಸಿ ಆಮೇಲೆ ಪಾನಾ ಮುಟ್ಟುತ್ತಾರೆ.

ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ಚಿ. ಎರಡೂ ಒಟ್ಟಿಗೆ ಬಿಚ್ಚಿದರೆ ಈ ಕಡೆ ಪಿಸ್ಟನ್ ತಳ್ಳಿದಾಗ ಆ ಕಡೆಯದು ಹೊರಗೆ ಜಾರಬಹುದು. ಜೊತೆಗೆ ಯಾವ ಕ್ಲಿಪ್ ಎಲ್ಲಿತ್ತು ಅಂತ ನೋಡಿಕೊಳ್ಳಲು ಒಂದು ಮಾದರಿ ಕಣ್ಣ ಮುಂದಿರುತ್ತದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಬ್ರೇಕ್ ಪೈಪಿನಿಂದ ನೇತಾಡಲು ಬಿಡಬೇಡಿ. ಹಳೇ ಸೈಕಲ್ ಟ್ಯೂಬಿನ ತುಂಡಿನಿಂದ ಸ್ಪ್ರಿಂಗ್‌ಗೆ ಕಟ್ಟಿ. ಮೋಟರ್‌ನ ವೈರೂ ಬಿಗಿಯಾಗಬಾರದು.

ಪಿಸ್ಟನ್ ತಳ್ಳುವ ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಯಾರಾದರೂ ಮಧ್ಯೆ ತುಂಬಿಸಿದ್ದರೆ ಉಕ್ಕಿ ಚೆಲ್ಲುತ್ತದೆ. ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಅದು ಪೇಂಟ್ ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ನಿಮ್ಮ ಗಾಡಿಯಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಗೈಡ್ ಪಿನ್ ಮೇಲೆ. ನಾಲೆ ಏರಿ ಕೆಸರು ಅಂದಿರಲ್ಲ, ಅದಕ್ಕೆ. ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರುತ್ತದೆ. ಪಿಸ್ಟನ್ ಒಳಗಡೆಯ ಪ್ಯಾಡನ್ನು ಮಾತ್ರ ತಳ್ಳುವುದು. ಕ್ಯಾಲಿಪರ್ ಜಾರಿ ಹೊರಗಡೆಯದನ್ನು ಎಳೆದುಕೊಳ್ಳಬೇಕು. ಪಿನ್ ಹಿಡಿದುಕೊಂಡರೆ ಜಾರುವುದಿಲ್ಲ, ಕೆಲಸವೆಲ್ಲ ಒಳಗಡೆಯ ಪ್ಯಾಡ್ ಮೇಲೆ ಬೀಳುತ್ತದೆ. ಹೊರಗಿನದು ನಾಲ್ಕು ಮಿ.ಮೀ. ಕಂಡರೂ ಒಳಗಿನದು ಸವೆದು ಹಿಂದಿನ ತಗಡಿನ ಹತ್ತಿರ ಬಂದಿರಬಹುದು. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಸದ್ದು ಮಾಡುವ ಒಂದು ಎಚ್ಚರಿಕೆಯ ತಗಡು ಇರುತ್ತದೆ, ಕೀಚ್ ಸದ್ದು ಅದರದೇ ಇರಬೇಕು. ದಯವಿಟ್ಟು ಈ ವಾರ ಕಾರಿನಲ್ಲಿ ಮೈಸೂರಿಗೆ ಹೋಗಬೇಡಿ.

ಪಿನ್ ತೆಗೆದು ಒರೆಸಿ. ಮೇಲಿನದು ಕೆಳಗಿನದು ಒಂದೇ ಥರ ಇರುವುದಿಲ್ಲ, ಅದಲು ಬದಲು ಮಾಡಬೇಡಿ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಇನ್ನೂ ಬಿಗಿಯಾಗುತ್ತದೆ. ಪ್ಯಾಡ್ ಕೂರುವ ತಗಡಿನ ಕ್ಲಿಪ್ ಹೊಸದು ಹಾಕಿ, ಅದರ ಕೆಳಗಿನ ತುಕ್ಕು ತಂತಿ ಬ್ರಷ್‌ನಲ್ಲಿ ಉಜ್ಜಿ. ಧೂಳನ್ನು ಬಾಯಲ್ಲಿ ಊದಬೇಡಿ, ಏರ್ ಹಿಡಿಯಬೇಡಿ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಡಿಸ್ಕ್ ಅಳೆಯದೆ ಪ್ಯಾಡ್ ಹಾಕಬೇಡಿ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕ್ ಮೇಲೆಯೇ ಕೊರೆದಿರುತ್ತದೆ. ವರ್ನಿಯರ್ ಇಟ್ಟರೆ ಅಂಚಿನ ತುಕ್ಕಿನ ದಿಂಡು ಅಡ್ಡ ಬಂದು ಜಾಸ್ತಿ ತೋರಿಸುತ್ತದೆ. ಎರಡು ಕಡೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ಮೂರು ನಾಲ್ಕು ಜಾಗದಲ್ಲಿ ನೋಡಿ.

ಕೊನೆಯದು, ಇದರಲ್ಲಿ ತಪ್ಪಿದರೆ ಎಲ್ಲ ಹಾಳು. ಎರಡೂ ಕಡೆ ಕಟ್ಟಿದ ಮೇಲೆ ಮೊದಲು ಕಾಲಿನ ಬ್ರೇಕ್ ಒತ್ತಿ. ಮೊದಲ ಸಲ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಬರಿ ಬೇಡ. ನಿಧಾನವಾಗಿ, ಪೂರ್ತಿ ಒತ್ತದೆ, ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಪಿಸ್ಟನ್ ಪ್ಯಾಡಿಗೆ ತಾಗಿತು ಅಂತ ಆಯಿತು. ಆಮೇಲೆ ಸ್ಕ್ಯಾನರ್‌ನಲ್ಲಿ ಸರ್ವಿಸ್ ಮೋಡ್ ಬಿಡಿಸಿ. ಈ ಕ್ರಮ ತಿರುಗಾಮುರುಗಾ ಆದರೆ ನಟ್ಟು ಖಾಲಿ ಜಾಗದಲ್ಲಿ ಪಿಸ್ಟನ್ ಹುಡುಕಿಕೊಂಡು ತುಂಬಾ ದೂರ ಬರಬೇಕಾಗುತ್ತದೆ, ಫಾಲ್ಟ್ ಬೀಳಬಹುದು. ಮೋಡ್ ಬಿಟ್ಟ ಮೇಲೆ ಮೂರು ನಾಲ್ಕು ಸಲ ಸ್ವಿಚ್ ಹಾಕಿ ತೆಗೆದು ನೋಡಿ.

ಬೋಲ್ಟಿನ ಟಾರ್ಕ್ ಸರ್ವಿಸ್ ಮ್ಯಾನ್ಯುಯಲ್ ನೋಡಿ ಹಾಕಿ. ಅಂದಾಜಿಗೆ ಬಿಗಿಯಬೇಡಿ.

ನಾಲೆಏರಿ | ಮಂಗಳವಾರ, ರಾತ್ರಿ 8:40

ಅಕ್ಕ, ತುಂಬಾ ಥ್ಯಾಂಕ್ಸ್. ವೈಸ್ ಉದಾಹರಣೆ ಓದಿದ ಕೂಡಲೇ ಎಲ್ಲ ಅರ್ಥವಾಯಿತು. ಭಾವನಿಗೂ ಓದಿಸಿದೆ. ಅವರು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಈ ವಾರ ಪೂರ್ತಿ ರೈಲಿನಲ್ಲೇ ಹೋಗುತ್ತೇನೆ.

ಒಂದು ಅನುಮಾನ. ಒಂದು ವಿಡಿಯೋದಲ್ಲಿ ಮೋಟರ್‌ನ ಕನೆಕ್ಟರ್ ಬಿಚ್ಚಿ, ಬ್ಯಾಟರಿಯಿಂದ ಎರಡು ವೈರ್ ನೇರ ಕೊಟ್ಟು ಹಿಂದಕ್ಕೆ ಸುತ್ತಿಸುತ್ತಾರೆ. ಇನ್ನೊಂದರಲ್ಲಿ ಮೋಟರ್‌ನ ಎರಡು ಸ್ಕ್ರೂ ಬಿಚ್ಚಿ ಡಬ್ಬಿ ತೆಗೆದು, ದಂಡವನ್ನು ಕೈಯಲ್ಲಿ ಟಾರ್ಕ್ಸ್ ಬಿಟ್‌ನಿಂದ ತಿರುಗಿಸುತ್ತಾರೆ. ಇವು ಸರಿಯಾ?

ಗುತ್ತಲುರೋಡ್ | ಮಂಗಳವಾರ, ರಾತ್ರಿ 10:30

ಎರಡರಿಂದಲೂ ನಟ್ಟು ಹಿಂದೆ ಬರುತ್ತದೆ, ಸುಳ್ಳಲ್ಲ. ಆದರೆ ಬ್ಯಾಟರಿ ವೈರ್ ಬೇಡವೇ ಬೇಡ. ಕಂಪ್ಯೂಟರ್ ಮೋಟರ್ ಓಡಿಸುವಾಗ ಅದು ಎಳೆಯುವ ಕರೆಂಟು ನೋಡುತ್ತಿರುತ್ತದೆ. ತುದಿಗೆ ಬಂತು ಅಂತ ಗೊತ್ತಾದ ಕೂಡಲೇ ನಿಲ್ಲಿಸುತ್ತದೆ. ನೀವು ವೈರ್ ಹಿಡಿದರೆ ನಿಲ್ಲಿಸುವವರು ಯಾರು? ತುದಿಗೆ ಹೋಗಿ ಜಾಮ್ ಆಗುತ್ತದೆ. ಪ್ಲಸ್ ಮೈನಸ್ ಉಲ್ಟಾ ಆದರೆ ನಟ್ಟು ಮುಂದೆ ಹೋಗಿ ಪಿಸ್ಟನ್ನನ್ನೇ ಹೊರಗೆ ದೂಡುತ್ತದೆ.

ಕೈಯಲ್ಲಿ ತಿರುಗಿಸುವುದನ್ನು ನಾವೂ ಮಾಡಿದ್ದೇವೆ. ಮೋಟರ್ ಸತ್ತುಹೋಗಿ ಚಕ್ರ ಹಿಡಿದುಕೊಂಡ ಗಾಡಿಗಳಲ್ಲಿ, ಬೇರೆ ದಾರಿ ಇಲ್ಲದಾಗ. ಮೋಟರ್ ಬಿಚ್ಚಿದರೆ ನೀರು ತಡೆಯುವ ರಬ್ಬರ್ ರಿಂಗ್ ಕದಲುತ್ತದೆ. ಅದು ಸರಿಯಾಗಿ ಕೂರದಿದ್ದರೆ ನಿಮ್ಮ ನಾಲೆ ಏರಿಯ ಕೆಸರು ನೀರು ನೇರ ಒಳಗೆ. ಚೆನ್ನಾಗಿರುವ ಮೋಟರ್ ಯಾಕೆ ಬಿಚ್ಚಬೇಕು? ಸ್ಕ್ಯಾನರ್ ಇರುವವರನ್ನು ಅರ್ಧ ದಿನಕ್ಕೆ ಮನೆಗೆ ಕರೆಸಿಕೊಳ್ಳಿ.

ಪಟ್ಟಣದಕೋಟೆ | ಬುಧವಾರ, ಮಧ್ಯಾಹ್ನ 1:15

ಶ್ರೀರಂಗಪಟ್ಟಣದಿಂದ. ನನ್ನದು ನೆಕ್ಸಾನ್ ಇವಿ ಮ್ಯಾಕ್ಸ್, ಇದಕ್ಕೂ ಹಿಂದೆ ಡಿಸ್ಕ್, ಸ್ವಿಚ್ ಹ್ಯಾಂಡ್‌ಬ್ರೇಕ್. ಅಕ್ಕ ಹೇಳಿದ ಪಿನ್ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಕಾಲು ತೆಗೆದರೆ ಮೋಟರೇ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಬ್ರೇಕ್ ಪ್ಯಾಡ್‌ಗೆ ಕೆಲಸವೇ ಕಡಿಮೆ. ಪ್ಯಾಡ್ ಹೊಸದರ ಹಾಗೇ ಇದೆ ಅಂತ ನಾನು ಮೂರು ವರ್ಷ ಚಕ್ರ ಬಿಚ್ಚಿಸಲೇ ಇಲ್ಲ. ಹೋದ ಮಳೆಗಾಲ ಮುಗಿದ ಮೇಲೆ ನೋಡಿದರೆ ಹಿಂದಿನ ಡಿಸ್ಕ್ ಒಳಮೈ ಪೂರ್ತಿ ತುಕ್ಕು, ಎರಡು ಪಿನ್ ಅಲುಗುತ್ತಲೇ ಇರಲಿಲ್ಲ. ಪ್ಯಾಡ್ ದಪ್ಪ ಇದ್ದರೂ ಬದಲಾಯಿಸಬೇಕಾಯಿತು. ಸವೆತ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಿನ್ ತೆಗೆಸಿ ಗ್ರೀಸ್ ಹಾಕಿಸಿ. ಹೈಬ್ರಿಡ್ ಇರುವವರಿಗೂ ಇದೇ.

ನಾಲೆಏರಿ | ಭಾನುವಾರ, ಮಧ್ಯಾಹ್ನ 2:50

ಅಕ್ಕ, ಅರ್ಜೆಂಟ್. ಕೆಲಸ ಶುರು ಮಾಡಿದೆ. ಸ್ನೇಹಿತರೊಬ್ಬರು ಸ್ಕ್ಯಾನರ್ ತಂದರು. ಸರ್ವಿಸ್ ಮೋಡ್ ಆಯಿತು, ಎರಡೂ ಕಡೆ ಸದ್ದು ಕೇಳಿತು. ಬಲಗಡೆ ಮುಗಿಯಿತು, ಪಿಸ್ಟನ್ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಎಡಗಡೆ ನೀವು ಹೇಳಿದ್ದೇ ಆಯಿತು. ಹೊರಗಿನ ಪ್ಯಾಡ್ ನಾಲ್ಕು ಮಿ.ಮೀ., ಒಳಗಿನದು ಒಂದೂವರೆ. ಕೆಳಗಿನ ಪಿನ್ ಹಿಡಿದುಕೊಂಡಿತ್ತು. ತೆಗೆದೆ, ಆದರೆ ಅದರ ರಬ್ಬರ್ ಬೂಟ್ (ಕೆಸರು ಒಳಗೆ ಹೋಗದ ಹಾಗೆ ತಡೆಯುವ ಮುಸುಕು) ಹರಿದಿದೆ. ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಇವತ್ತು ಭಾನುವಾರ, ಬೂಟ್ ಸಿಗುತ್ತಿಲ್ಲ. ರಾತ್ರಿಯಿಡೀ ಸರ್ವಿಸ್ ಮೋಡ್‌ನಲ್ಲೇ ಸ್ಟ್ಯಾಂಡ್ ಮೇಲೆ ಬಿಡಬಹುದಾ? ಇಲ್ಲಾ ಹರಿದ ಬೂಟ್ ಹಾಕಿ ಕಟ್ಟಿಬಿಡಲಾ?

ಗುತ್ತಲುರೋಡ್ | ಭಾನುವಾರ, ಮಧ್ಯಾಹ್ನ 3:05

ಹರಿದ ಬೂಟ್ ಹಾಕಬೇಡಿ. ಮುಂದಿನ ಮಳೆಗೆ ಮತ್ತೆ ಇದೇ ಕಥೆ. ರಾತ್ರಿ ಹಾಗೇ ಬಿಡಿ, ಏನೂ ಆಗುವುದಿಲ್ಲ. ಇಗ್ನಿಷನ್ ಆಫ್, ಕೀ ಮನೆಯೊಳಗೆ. ಸ್ವಿಚ್ ಮೇಲೆ ಟೇಪ್ ಅಂಟಿಸಿ. ಸ್ಟೇರಿಂಗ್ ಮೇಲೆ ಕಾಗದ ಕಟ್ಟಿ, "ಬ್ರೇಕ್ ಇಲ್ಲ, ಮುಟ್ಟಬೇಡಿ" ಅಂತ ದೊಡ್ಡದಾಗಿ ಬರೆಯಿರಿ. ಮನೆಯಲ್ಲಿ ಎಲ್ಲರಿಗೂ ಬಾಯಲ್ಲೂ ಹೇಳಿ. ಕ್ಯಾಲಿಪರ್ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿಡಿ. ಯಾರೂ ಬ್ರೇಕ್ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಪಿನ್ ಕೂರುವ ತೂತನ್ನು ಈಗಲೇ ಕ್ಲೀನ್ ಮಾಡಿಟ್ಟುಕೊಳ್ಳಿ. ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಒರೆಸಿ, ಮಣ್ಣು ಬರುವುದು ನಿಲ್ಲುವ ತನಕ. ಉಪ್ಪು ಕಾಗದ ಒಳಗೆ ಹಾಕಿ ಉಜ್ಜಬೇಡಿ, ತೂತು ದೊಡ್ಡದಾಗುತ್ತದೆ. ಪಿನ್ ಮೇಲೆ ಗೆರೆ ಬಿದ್ದಿದ್ದರೆ ಪಿನ್ನೂ ಹೊಸದು ತನ್ನಿ.

ನಾಲೆಏರಿ | ಬುಧವಾರ, ರಾತ್ರಿ 9:45

ಮುಗಿಯಿತು. ನಡೆದದ್ದನ್ನೆಲ್ಲ ಬರೆಯುತ್ತೇನೆ, ಇದೇ ಗಾಡಿ ಇರುವವರಿಗೆ ಬೇಕಾಗಬಹುದು.

ಸೋಮವಾರ ರೈಲಿನಲ್ಲಿ ಕೆಲಸಕ್ಕೆ ಹೋದವನು ಬರುವಾಗ ಮೈಸೂರಿನಿಂದ ಬೂಟ್ ಕಿಟ್, ಒಂದು ಪಿನ್ ತಂದೆ. ಚಾಸಿ ನಂಬರ್ ತೋರಿಸಿಯೇ ತಗೊಂಡೆ. ಅಂಗಡಿಯವರು ಮೊದಲು ಕೊಟ್ಟ ಪಿನ್ ಮೇಲಿನದು, ನನಗೆ ಬೇಕಿದ್ದದ್ದು ಕೆಳಗಿನದು. ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದು ಒಳ್ಳೆಯದಾಯಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ವ್ಯತ್ಯಾಸ ಗೊತ್ತಾಗಿದ್ದು.

ಮಂಗಳವಾರ ರಜೆ ಹಾಕಿದೆ. ಪಿನ್ ಕೂರಿಸಿದ ಮೇಲೆ ಕ್ಯಾಲಿಪರ್ ಒಂದು ಬೆರಳಿಗೆ ಜಾರುವುದನ್ನು ನೋಡಿ ಮನಸ್ಸಿಗೆ ಏನೋ ಹಗುರ ಆಯಿತು. ಡಿಸ್ಕ್ ನಾಣ್ಯ ಇಟ್ಟು ಅಳೆದೆ. ಬಲಗಡೆಯದು ಎಲ್ಲ ಕಡೆ ಒಂದೇ. ಎಡಗಡೆಯದರ ಒಳಮೈಯಲ್ಲಿ ಉಗುರಿಗೆ ಸಿಗುವ ಗೆರೆಗಳಿವೆ, ಆದರೂ ಕೊರೆದಿರುವ ಅಳತೆಗಿಂತ ದಪ್ಪ ಇದೆ. ಅದನ್ನೇ ಇಟ್ಟಿದ್ದೇನೆ.

ಪೆಡಲ್ ಒತ್ತಿದಾಗ ನೀವು ಹೇಳಿದ ಹಾಗೇ ನೆಲಕ್ಕೆ ಹೋಯಿತು. ಮೊದಲೇ ಹೇಳಿರದಿದ್ದರೆ ನನಗೆ ಎದೆ ಒಡೆದುಹೋಗುತ್ತಿತ್ತು. ಎಂಟನೆಯ ಸಲಕ್ಕೆ ಗಟ್ಟಿಯಾಯಿತು. ಆಮೇಲೆ ಸ್ಕ್ಯಾನರ್‌ನಲ್ಲಿ ಮೋಡ್ ಬಿಡಿಸಲು ಹೋದರೆ ಆಗಲಿಲ್ಲ. ಹಳದಿ ದೀಪ ಹಾಗೇ ಉಳಿಯಿತು. ಎರಡು ಸಲ ಪ್ರಯತ್ನಿಸಿದೆವು. ಕೈ ನಡುಗಲು ಶುರುವಾಯಿತು. ಸ್ನೇಹಿತರು ಸುಮ್ನೆ ಮೀಟರ್ ಇಟ್ಟು ನೋಡಿದರೆ ಬ್ಯಾಟರಿ 11.7 ವೋಲ್ಟ್. ಭಾನುವಾರದಿಂದ ಬಾಗಿಲು ತೆಗೆದು ಹಾಕಿ, ಒಳಗಿನ ದೀಪ ಉರಿದು ಇಳಿದುಹೋಗಿತ್ತು. ಪಕ್ಕದ ಮನೆಯವರ ಚಾರ್ಜರ್ ತಂದು ಎರಡು ಗಂಟೆ ಹಾಕಿದೆವು. ಆಮೇಲೆ ಒಂದೇ ಸಲಕ್ಕೆ ಗುಂಯ್ ಅಂತ ಎರಡೂ ಕಡೆ ಓಡಿತು, ದೀಪ ಆರಿತು. ಬ್ಯಾಟರಿ ಬಗ್ಗೆ ನೀವು ಬರೆದ ಸಾಲನ್ನು ಓದಿಯೂ ಸುಮ್ಮನೆ ಇದ್ದುಬಿಟ್ಟಿದ್ದೆ. ಓದುವವರು ಆ ಸಾಲನ್ನು ಬಿಡಬೇಡಿ.

ಇವತ್ತು ಬೆಳಗ್ಗೆ ಐದೂವರೆಗೆ ಕೆರಗೋಡು ರಸ್ತೆ ಕಡೆ ಹೋದೆ. ಖಾಲಿ ಇತ್ತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮೊದಲು ಎರಡು ಸಲ ಬ್ರೇಕ್ ನೋಡಿದೆ. ಈಗ ಸದ್ದಿಲ್ಲ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವ ಹಾಗೆ ಓಡಿಸಿ ಕೂರಿಸುವುದು ಹೇಗೆ ಅಂತ ನೀವು ಬರೆದಿರಲಿಲ್ಲ, ಅದೊಂದು ಹೇಳಿ ಅಕ್ಕ.

ಗುತ್ತಲುರೋಡ್ | ಗುರುವಾರ, ಬೆಳಗ್ಗೆ 6:30

ಓದಿ ಖುಷಿಯಾಯಿತು. ಅಪ್ಪನಿಗೂ ಓದಿ ಹೇಳಿದೆ. ಹಳೆಯ ಪಿನ್ ಜೇಬಿನಲ್ಲಿಟ್ಟುಕೊಂಡು ಹೋಗಿದ್ದನ್ನು ಕೇಳಿ "ಹುಡುಗನಿಗೆ ಕೆಲಸ ಬರುತ್ತದೆ" ಅಂದರು.

ಪ್ಯಾಡ್ ಕೂರಿಸಲು ಅದೇ ಖಾಲಿ ರಸ್ತೆ ಸಾಕು. ಹೆದ್ದಾರಿಯ ಮುಖ್ಯ ದಾರಿಯಲ್ಲಿ ಖಂಡಿತ ಬೇಡ, ಹಿಂದಿನ ಲಾರಿಗೆ ನೀವು ಯಾಕೆ ನಿಧಾನ ಮಾಡಿದಿರಿ ಅಂತ ಗೊತ್ತಾಗುವುದಿಲ್ಲ. 50ಕ್ಕೆ ಹೋಗಿ, ಒಂದೇ ಸಮನೆ ಒತ್ತಿ 10ಕ್ಕೆ ತನ್ನಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ಕಿ.ಮೀ. ಸುಮ್ಮನೆ ಓಡಿಸಿ ಆರಲು ಬಿಡಿ, ಮತ್ತೆ ಮಾಡಿ. ಹೀಗೆ ಎಂಟು ಹತ್ತು ಸಲ. ಬಿಸಿ ಇರುವಾಗ ಬ್ರೇಕ್ ಒತ್ತಿಕೊಂಡೇ ನಿಲ್ಲಬೇಡಿ, ಹ್ಯಾಂಡ್‌ಬ್ರೇಕೂ ಹಾಕಬೇಡಿ. ಪಿ ಗೆ ಹಾಕಿ ಕಲ್ಲು ಕೊಟ್ಟು ಹತ್ತು ನಿಮಿಷ ಬಿಡಿ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಚಾಮುಂಡಿ ಬೆಟ್ಟ, ಮೇಲುಕೋಟೆ ಕಡೆ ಇಳಿಯುವ ಪ್ರಯಾಣ ಇಟ್ಟುಕೊಳ್ಳಬೇಡಿ.

ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ಅದು ಗಾಳಿಯಲ್ಲಿರುವ ತೇವ ಹೀರುತ್ತದೆ. ಎರಡು ವರ್ಷ ದಾಟಿದ್ದರೆ ಬದಲಾಯಿಸಿ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುತ್ತದೆ, ಅದನ್ನೇ ಹಾಕಿ. ಎಡಗಡೆ ಡಿಸ್ಕಿನ ಗೆರೆ ಎರಡು ಸಾವಿರ ಕಿ.ಮೀ. ಆದ ಮೇಲೆ ಒಮ್ಮೆ ನೋಡಿ. ಹೊಸ ಪ್ಯಾಡನ್ನು ಅದು ಹೇಗೆ ತಿನ್ನುತ್ತಿದೆ ಅಂತ ಆಗ ಗೊತ್ತಾಗುತ್ತದೆ.

ನಾಲೆಏರಿ | ಗುರುವಾರ, ಬೆಳಗ್ಗೆ 7:10

ಆಯಿಲ್ ನಾನು ಬದಲಾಯಿಸಿಯೇ ಇಲ್ಲ ಅಕ್ಕ, ಮುಚ್ಚಳ ನೋಡಿ ಇದೇ ವಾರ ಮಾಡಿಸುತ್ತೇನೆ. ಭಾನುವಾರ ಭಾವ ತಮ್ಮ ಕಾರು ತರುತ್ತಾರೆ. ಆವತ್ತು ಮುರಿದ ಕಡೆಯ ಕ್ಯಾಲಿಪರ್ ಹೊಸದು, ಆದರೆ ಇನ್ನೊಂದು ಕಡೆಯ ಪಿನ್ನನ್ನು ಆಮೇಲೆ ಯಾರೂ ತೆಗೆದೇ ನೋಡಿಲ್ಲವಂತೆ. ಚಾರ್ಜರ್ ಶನಿವಾರ ರಾತ್ರಿಯೇ ಹಾಕಿಡುತ್ತೇನೆ.